ಎಂಟು ಠಸ್ಸೆಗಳ ಕಾಗದ

ಸೋಮವಾರ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಜಿಪಾರ್ ಮಗಳ ಆರೋಗ್ಯ ಪತ್ರಕ್ಕೆ ಏಳು ಠಸ್ಸೆ ಹಾಕಿಸಿ ಮುಗಿಸಿದ್ದಳು. ಕಣ್ಣು, ಕಿವಿ, ಹಲ್ಲು, ಚರ್ಮ, ನರ, ಶಸ್ತ್ರಚಿಕಿತ್ಸೆ, ಸಾಮಾನ್ಯ ತಪಾಸಣೆ ಎಂದು ಏಳು ಕೋಣೆ ಸುತ್ತಿದ್ದಳು. ಹುಡುಗಿ ಎಲ್ಲಿ ಎಂದು ಒಂದು ಕೋಣೆಯಲ್ಲೂ ಯಾರೂ ಕೇಳಲಿಲ್ಲ.

"ನಿನ್ನ ಮಗಳ ನರ ಗಟ್ಟಿ ಇರ್ಲೇಬೇಕಲ್ಲ," ಎಂದರು ನರರೋಗದ ವೈದ್ಯರು ಠಸ್ಸೆ ಒತ್ತುತ್ತಾ. "ಹದಿನೆಂಟು ವರ್ಷ ನಿನ್ನ ಜೊತೆ ಬಾಳಿದಾಳೆ."

ಜಿಪಾರ್ ನಕ್ಕು ಕಾಗದ ತೆಗೆದುಕೊಂಡಳು. ನರಿನ್ ಸೀಮೆಯ ಆ ಸಣ್ಣ ಊರಿನ ಆಸ್ಪತ್ರೆಯಲ್ಲಿ ಹದಿನೇಳು ವರ್ಷಗಳಿಂದ ನೋಂದಣಿ ಕಿಟಕಿಯ ಹಿಂದೆ ಕೂರುವವಳು ಅವಳು. ಜುಲೈ ಬಂತೆಂದರೆ ಕಾಲೇಜಿಗೆ ಸೇರುವ ಮಕ್ಕಳ ತಾಯಂದಿರು ಆ ಕಿಟಕಿಗೆ ಬರುತ್ತಿದ್ದರು. ಎಲ್ಲರಿಗೂ ಬೇಕಾದದ್ದು ಒಂದೇ ಆರೋಗ್ಯ ಪತ್ರ. ನಮೂನೆಯ ಸಂಖ್ಯೆಯಿಂದಾಗಿ ಊರಿನವರು ಅದನ್ನು "ಸೊನ್ನೆ ಎಂಬತ್ತಾರು" ಎನ್ನುತ್ತಿದ್ದರು. ಮಕ್ಕಳು ಹುಲ್ಲು ಕೊಯ್ಲಿನಲ್ಲಿರುತ್ತಿದ್ದರು, ಇಲ್ಲವೇ ಬೆಟ್ಟದ ಮೇಲೆ ಕುರಿಗಳ ಜೊತೆ ಇರುತ್ತಿದ್ದರು. ಜಿಪಾರ್ ಕಾಗದ ಹಿಡಿದು ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದಳು. ಸಂಜೆಗೆ ಪತ್ರ ಸಿದ್ಧವಾಗುತ್ತಿತ್ತು, ಕಿಟಕಿಯ ಮೇಲೆ ಒಂದು ಡಬ್ಬಿ ಕೆನೆಯೋ ಒಂದು ಚೀಲ ಕರಿದ ಬೂರ್ಸೊಕ್ ರೊಟ್ಟಿಯೋ ಇರುತ್ತಿತ್ತು. ಇದನ್ನು ಯಾರೂ ತಪ್ಪೆಂದು ಹೇಳುತ್ತಿರಲಿಲ್ಲ. ಜಿಪಾರ್ ಉಪಕಾರಿ ಎನ್ನುತ್ತಿದ್ದರು.

ಈ ಸಲದ ಕಾಗದದ ಮೇಲಿದ್ದದ್ದು ಅವಳ ಮಗಳು ಸಾಲ್ಕಿನಾಯ್‌ಳ ಹೆಸರು. ರಾಷ್ಟ್ರೀಯ ಪರೀಕ್ಷೆಯಲ್ಲಿ ಅವಳಿಗೆ ಇನ್ನೂರ ಮೂರು ಅಂಕ ಬಂದಿತ್ತು. ವೈದ್ಯಕೀಯಕ್ಕೆ ರಸಾಯನಶಾಸ್ತ್ರದಲ್ಲಿ ಕನಿಷ್ಠ ಅರವತ್ತು ಬೇಕು. ಅವಳು ತೊಂಬತ್ತೊಂದು ತೆಗೆದಿದ್ದಳು. ರಾಜಧಾನಿ ಬಿಷ್ಕೆಕ್‌ನ ವೈದ್ಯಕೀಯ ವಿದ್ಯಾಲಯದಲ್ಲಿ ಸರ್ಕಾರಿ ಖರ್ಚಿನ ಸೀಟು ಅವಳ ಹೆಸರಿಗೆ ಬಂದಿತ್ತು. ಗುರುವಾರ ಸಂಜೆ ಐದರೊಳಗೆ ಮೂಲ ದಾಖಲೆಗಳೊಂದಿಗೆ ಆರೋಗ್ಯ ಪತ್ರವನ್ನೂ ಒಪ್ಪಿಸಬೇಕು, ತಪ್ಪಿದರೆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ. ಅಂಕಪಟ್ಟಿ ಆ ವರ್ಷಕ್ಕೆ ಮಾತ್ರ ಚಾಲ್ತಿ.

ಉಳಿದದ್ದು ಎಂಟನೆಯ ಠಸ್ಸೆ, ಎದೆಯ ಎಕ್ಸ್-ರೇಯದು. ಅದು ಊರಾಚೆಯ ಕ್ಷಯ ಚಿಕಿತ್ಸಾಲಯದಲ್ಲಿ ಸಿಗುತ್ತಿತ್ತು. ಅಲ್ಲಿನ ಎಕ್ಸ್-ರೇ ನೋಡಿಕೊಳ್ಳುವ, ಊರವರೆಲ್ಲ ಹಿರಿಯಕ್ಕನೆಂದು "ಎಜೆ" ಎನ್ನುವ ಗುಲಿಪಾ ನೆಂಟರ ಮದುವೆಗೆ ಹೋದವಳು ಮಂಗಳವಾರ ಬರುವವಳಿದ್ದಳು.

"ಅದಕ್ಕೆ ನಾನೇ ಹೋಗ್ತೀನಿ ಅಪಾ," ಎಂದು ಸಾಲ್ಕಿನಾಯ್ ರಾತ್ರಿ ಊಟಕ್ಕೆ ಕೂತಾಗ ತಾಯಿಗೆ ಹೇಳಿದಳು. "ಡಾಕ್ಟರ್ ಆಗೋಳು ನಾನು. ಎಂಟರಲ್ಲಿ ಒಂದಾದ್ರೂ ನನ್ನದೇ ಇರ್ಲಿ."

"ಹೋಗು, ಯಾರು ಬೇಡ ಅಂದ್ರು? ಗುಲಿಪಾ ಎಜೆಗೆ ಈ ಕೆನೆ ಡಬ್ಬಿನೂ ಕೊಟ್ಬಿಡು."

ಹುಡುಗಿ ಮುಖ ಪಕ್ಕಕ್ಕೆ ತಿರುಗಿಸಿ ಕೆಮ್ಮಿದಳು. ಮೇ ತಿಂಗಳಿಂದ ಆ ಒಣ ಕೆಮ್ಮು ಇತ್ತು. ಓದಿ ಓದಿ ಸೊರಗಿದ್ದಾಳೆ, ಬೆಟ್ಟಕ್ಕೆ ಹೋಗಿ ನಾಲ್ಕು ದಿನ ಹುಳಿಬಂದ ಕುದುರೆಹಾಲಿನ ಕುಮಿಸ್ ಕುಡಿದರೆ ಸರಿಹೋಗುತ್ತದೆ ಎಂದು ಜಿಪಾರ್ ಅಂದುಕೊಂಡಿದ್ದಳು.

ಮಂಗಳವಾರ ಮಧ್ಯಾಹ್ನ ನೋಂದಣಿ ಕಿಟಕಿಯ ಫೋನು ಬಡಿದುಕೊಂಡಿತು.

"ಮಗಳನ್ನ ಮನೆಗೆ ಕಳಿಸಿದೀನಿ," ಎಂದಳು ಗುಲಿಪಾ. "ನೀನು ಬಾ. ಒಬ್ಬಳೇ ಬಾ."

ಗುಲಿಪಾ ಮೂವತ್ತು ವರ್ಷಗಳಿಂದ ಎಕ್ಸ್-ರೇ ತೆಗೆಯುತ್ತಿದ್ದವಳು. ದೀಪದ ಪೆಟ್ಟಿಗೆಗೆ ಸಿಕ್ಕಿಸಿದ್ದ ಹಾಳೆಯ ಮೇಲೆ ಬೆರಳಿಟ್ಟಳು. ಬಲಗಡೆ, ಮೇಲುಭಾಗದಲ್ಲಿ, ಒದ್ದೆ ಹತ್ತಿಯ ಉಂಡೆಯಂಥ ಮಸುಕು ಕಾಣುತ್ತಿತ್ತು.

"ಓದಿ ಹೇಳೋಕೆ ಡಾಕ್ಟರ್ ನಾಳೆ ಬರ್ತಾರೆ. ಕಫ ಪರೀಕ್ಷೆ ಆಗ್ಬೇಕು. ಆದ್ರೆ ನನ್ನ ಕಣ್ಣಿಗೆ ಇದು ಗೊತ್ತಿರೋದೇ ಜಿಪಾರ್."

"ನ್ಯುಮೋನಿಯಾ ಇರ್ಬೋದಲ್ವಾ ಎಜೆ?"

"ಇರ್ಬೋದು. ನಾಳೆ ನೋಡೋಣ."

"ನಾಳೆ ನಾವು ಬಿಷ್ಕೆಕ್‌ಗೆ ಹೊರಡ್ಬೇಕು!" ಜಿಪಾರ್ ಚೀಲದಿಂದ ಕಾಗದ ತೆಗೆದು ಮೇಜಿನ ಮೇಲೆ ಹರಡಿದಳು. "ಏಳು ಆಗಿದೆ. ಒಂದೇ ಒಂದು ಎಜೆ. ನೀವು ನೋಡಿಲ್ಲ ಅಂದ್ಕೊಳ್ಳಿ."

"ಕಳೆದ ವರ್ಷ ನಿನ್ನ ಮಾತಿಗೆ ಎಷ್ಟು ಒತ್ತಿದೆ ನಾನು? ಲೆಕ್ಕ ಇಟ್ಟಿದೀಯಾ? ಅವೆಲ್ಲ ನೋಡದೇ ಒತ್ತಿದ್ದು, ಮಲಗಿದ್ರೆ ನಿದ್ದೆ ಬರೋದು. ಇದನ್ನ ನೋಡ್ಬಿಟ್ಟಿದೀನಿ."

"ಊರಲ್ಲಿ ಎಲ್ಲರ ಮಕ್ಕಳಿಗೂ ಆಯ್ತು. ನನ್ನ ಮಗಳ ಹತ್ರ ಬಂದಾಗ ಧರ್ಮ ನೆನಪಾಯ್ತಾ ನಿಮಗೆ?"

"ಧರ್ಮ ಅಲ್ಲ ಕಣೇ, ಕೆಮ್ಮು. ನಾಲ್ಕು ಹುಡುಗೀರು ಒಂದು ಕೋಣೇಲಿ ಮಲಗ್ತಾರೆ ಹಾಸ್ಟೆಲಲ್ಲಿ. ಆರು ತಿಂಗಳು ಮಾತ್ರೆ ನುಂಗಿದ್ರೆ ವಾಸಿಯಾಗೋ ಕಾಯಿಲೆ ಇದು. ಮುಂದಿನ ವರ್ಷ ಪರೀಕ್ಷೆ ಮತ್ತೆ ಬರೀಲಿ."

"ಮುಂದಿನ ವರ್ಷ ಇಷ್ಟು ಅಂಕ ಬರುತ್ತೆ ಅಂತ ಬರೆದುಕೊಡ್ತೀರಾ? ಈ ಬಾಗಿಲಿಂದ ಆಚೆ ಬಂದ ಹುಡುಗಿನ ಈ ಊರಲ್ಲಿ ಯಾರು ಸೊಸೆ ಮಾಡ್ಕೋತಾರೆ? ನಮ್ಮ ಮನೆ ಬಟ್ಟಲಲ್ಲಿ ಯಾರು ಚಹಾ ಕುಡೀತಾರೆ?"

ಅದು ಸುಳ್ಳಲ್ಲ ಎಂದು ಗುಲಿಪಾಗೂ ಗೊತ್ತಿತ್ತು. ದೀಪದ ಪೆಟ್ಟಿಗೆ ಆರಿಸಿ ಕೇಳಿದಳು: "ಚಳಿಗಾಲದಲ್ಲಿ ಇವಳು ಯಾರ ಜೊತೆ ಕೂತಿದ್ಲು? ಕೆಮ್ಮೋರು ಯಾರಾದ್ರೂ?"

"ಯಾರೂ ಇಲ್ಲ," ಎಂದಳು ಜಿಪಾರ್.

ಸುಳ್ಳು ಹೇಳಿದ ಆ ಗಳಿಗೆಯಲ್ಲೇ ಅವಳಿಗೆ ಹೆಸರು ಹೊಳೆದಿತ್ತು. ಪಕ್ಕದ ಬೀದಿಯ ಸೊನುನ್‌ಳ ಮಗಳು ಅಸಿಲ್ಕಾನ್ ಹಿಂದಿನ ವರ್ಷ ಇದೇ ವಿದ್ಯಾಲಯಕ್ಕೆ ಸೇರಿ, ಡಿಸೆಂಬರಿನಲ್ಲಿ ಓದು ಬಿಟ್ಟು ಕೆಮ್ಮುತ್ತಾ ಮನೆಗೆ ಬಂದಿದ್ದಳು. ರಕ್ತ ಕಡಿಮೆಯಂತೆ, ನಗರದ ನೀರು ಹಿಡಿಯಲಿಲ್ಲವಂತೆ ಎಂದು ಅವಳ ತಾಯಿ ಹೇಳಿದ್ದಳು. ಸಾಲ್ಕಿನಾಯ್‌ಗೆ ರಸಾಯನಶಾಸ್ತ್ರ ಹೇಳಿಕೊಟ್ಟವಳು ಅವಳೇ. ಜನವರಿಯಿಂದ ಮೇ ತಿಂಗಳವರೆಗೆ, ವಾರಕ್ಕೆ ಐದು ದಿನ, ಕಿಟಕಿಗಳ ಸಂದಿಗೆಲ್ಲ ಕಾಗದ ಅಂಟಿಸಿದ ಕೋಣೆಯಲ್ಲಿ, ಕಲ್ಲಿದ್ದಲ ಒಲೆಯ ಪಕ್ಕ ಇಬ್ಬರೂ ಒಂದೇ ಪುಸ್ತಕದ ಮೇಲೆ ಬಾಗಿ ಕೂರುತ್ತಿದ್ದರು. ಅಸಿಲ್ಕಾನ್‌ಳ ಆರೋಗ್ಯ ಪತ್ರಕ್ಕೆ ಒಂದೇ ಬೆಳಿಗ್ಗೆಯಲ್ಲಿ ಎಂಟೂ ಠಸ್ಸೆ ಹಾಕಿಸಿಕೊಟ್ಟವಳು ಜಿಪಾರ್.

ಅವಳು ಗುಲಿಪಾಳ ತೋಳು ಹಿಡಿದುಕೊಂಡಳು. "ನಿಮ್ಮ ಮೊಮ್ಮಗಳ ಕಾಗದಕ್ಕೆ ನಾನು ಮೂರು ದಿನ ಓಡಾಡಿದೀನಿ ಎಜೆ. ಒಂದು ಮಾತು ಕೇಳಿದ್ನಾ ನಾನು? ಅಲ್ಲಿ ಹೋದಮೇಲೆ ನಾನೇ ಮಾತ್ರೆ ಕೊಡಿಸ್ತೀನಿ, ಗುಟ್ಟಾಗಿ. ನಿಮ್ಮ ಕಾಲಿಗೆ ಬೀಳ್ತೀನಿ."

ಗುಲಿಪಾ ತೋಳು ಬಿಡಿಸಿಕೊಂಡಳು. ಮೇಜಿನ ಖಾನೆ ಎಳೆದು ಠಸ್ಸೆಯನ್ನೂ ಮಸಿಯ ದಿಂಬನ್ನೂ ತೆಗೆದು ಮೇಲಿಟ್ಟಳು.

"ನಾನು ಚಹಾಕ್ಕೆ ನೀರಿಡೋಕೆ ಹೋಗ್ತೀನಿ," ಎಂದು ಹೇಳಿ ಬಾಗಿಲು ಮುಂದಕ್ಕೆಳೆದುಕೊಂಡು ಹೊರಟುಹೋದಳು.

ಎಂಟನೆಯ ಠಸ್ಸೆಯನ್ನು ಜಿಪಾರ್ ತನ್ನ ಕೈಯಿಂದಲೇ ಒತ್ತಿದಳು. ಅಂಚು ಸ್ವಲ್ಪ ಎರಡೆರಡಾಗಿ ಮೂಡಿತು.

ಬುಧವಾರ ಬೆಳಿಗ್ಗೆ ತಾಯಿ ಮಗಳು ಬಿಷ್ಕೆಕ್ ವ್ಯಾನು ಹತ್ತಿದರು. ಮಗಳಿಗೆ ಏನೂ ಹೇಳಿರಲಿಲ್ಲ. ಜಿಪಾರ್‌ಳ ಗಂಡ ಕುರಿ ಹೊಡೆದುಕೊಂಡು ಬೆಟ್ಟ ಹತ್ತಿದ್ದ. ಅಲ್ಲಿಗೆ ಫೋನು ಸಿಗುವುದಿಲ್ಲವೆಂಬುದೇ ಒಂದು ನೆಮ್ಮದಿಯಾಗಿತ್ತು. ವ್ಯಾನಿನಲ್ಲಿ ಹದಿನಾಲ್ಕು ಜನರಿದ್ದರು. ಧೂಳಿಗೆಂದು ಕಿಟಕಿಗಳನ್ನು ಮುಚ್ಚಿದ್ದರು. ಎಲ್ಲಿಗೆ ಹೊರಟಿರಿ ಎಂದು ಬಿಳಿ ಟೋಪಿಯ ಮುದುಕನೊಬ್ಬ ಕೇಳಿದಾಗ ಜಿಪಾರ್‌ಳ ಬಾಯಿ ತಾನಾಗಿಯೇ ಹೇಳಿಬಿಟ್ಟಿತು: "ಮಗಳನ್ನ ಡಾಕ್ಟರ್ ಓದಿಗೆ ಸೇರಿಸೋಕೆ."

"ಹಾಗಾದ್ರೆ ನನ್ನ ಮೊಣಕಾಲು ಈಗಲೇ ತೋರಿಸ್ಬಿಡ್ತೀನಿ," ಎಂದ ಮುದುಕ. "ಆಮೇಲೆ ಸಾಲು ನಿಲ್ಲಿಸ್ತಾಳೆ."

ಎಲ್ಲರೂ ನಕ್ಕರು. ಸಾಲ್ಕಿನಾಯ್ ನಕ್ಕಳು, ನಗು ಕೆಮ್ಮಾಯಿತು. ಜಿಪಾರ್ ಕಿಟಕಿ ತೆರೆಯಲು ಕೈಹಾಕಿದಳು. ಹಿಂದಿನವರು ಧೂಳು ಧೂಳು ಎಂದರು. ಮುಚ್ಚಿದಳು.

ದೊಲೊನ್ ಕಣಿವೆಯ ತಿರುವುಗಳು ಶುರುವಾದಾಗ ಮುಂದಿನ ಸೀಟಿನ ಯುವತಿಗೆ ವಾಂತಿ ಬಂತು. ಅವಳ ತೊಡೆಯ ಮೇಲೆ ಐದಾರು ತಿಂಗಳ ಕೂಸಿತ್ತು. ತುಂಬಿದ ವ್ಯಾನಿನಲ್ಲಿ ಕೂಸನ್ನು ಎಳೆಯ ಹುಡುಗಿಯರ ಕೈಗೆ ದಾಟಿಸುವುದು ವಾಡಿಕೆ. ಯಾರೂ ಕೇಳುವುದಿಲ್ಲ, ಯಾರೂ ಇಲ್ಲವೆನ್ನುವುದಿಲ್ಲ.

"ಡಾಕ್ಟರಮ್ಮನ ಕೈಗೇ ಕೊಡಿ," ಎಂದ ಮುದುಕ.

ಕೂಸು ಕೈಯಿಂದ ಕೈಗೆ ಬಂದು ಸಾಲ್ಕಿನಾಯ್‌ಳ ಮಡಿಲು ಸೇರಿತು. ಅವಳ ಮೂಗು ಹಿಡಿದು ಎಳೆಯಿತು. ಅವಳು ಮುಖ ಹತ್ತಿರ ತಂದು ಅದರ ಕೆನ್ನೆಯ ಮೇಲೆ ಉಫ್ ಎಂದು ಊದಿದಳು. ಕೂಸು ಬಾಯಗಲಿಸಿ ನಕ್ಕಿತು. ಅವಳು ಮತ್ತೆ ಊದಿದಳು.

"ಕೊಡಿಲ್ಲಿ," ಎಂದು ಜಿಪಾರ್ ಕೂಸನ್ನು ಕಿತ್ತುಕೊಂಡಳು. ಸುತ್ತಲಿದ್ದವರು ತಿರುಗಿ ನೋಡುವಷ್ಟು ಒರಟಾಗಿತ್ತು ಅದು. "ಅಣ್ಣಾ, ಗಾಡಿ ನಿಲ್ಲಿಸಿ. ನಾವು ಇಳೀತೀವಿ."

"ಇಲ್ಲೇ?" ಚಾಲಕ ಕನ್ನಡಿಯಲ್ಲಿ ನೋಡಿದ. "ಬಿಷ್ಕೆಕ್ ಇನ್ನೂ ನಾಲ್ಕು ಗಂಟೆ ಇದೆ ಅಕ್ಕ. ಕುಮಿಸ್ ಕುಡಿಯೋ ಆಸೆ ಆಯ್ತಾ?"

"ನಿಲ್ಲಿಸಿ ಅಂದೆ."

ಅವಳು ಕೂಸನ್ನು ತಾಯಿಗೆ ಕೊಟ್ಟು, ಆಕೆಯ ಹೆಸರನ್ನೂ ಹಳ್ಳಿಯನ್ನೂ ಕೇಳಿಕೊಂಡಳು. ಕಾರಣ ಹೇಳದೆಯೇ ಮಗಳೊಂದಿಗೆ ಇಳಿದುಬಿಟ್ಟಳು.

ವ್ಯಾನು ಹೋಯಿತು. ರಸ್ತೆಯ ಪಕ್ಕ ಕುಮಿಸ್ ಮಾರುವವರ ಎರಡು ಗುಡಾರಗಳಿದ್ದವು. ಅವುಗಳಿಂದ ದೂರ, ಮೈಲಿಗಲ್ಲಿನ ಹತ್ತಿರ, ಜಿಪಾರ್ ಮಗಳಿಗೆ ಹೇಳಿದಳು. ಮಸುಕು, ಠಸ್ಸೆ, ಅಸಿಲ್ಕಾನ್, ಎಲ್ಲವನ್ನೂ ಹೇಳಿದಳು.

"ನಿನ್ನೆ ಮಧ್ಯಾಹ್ನದಿಂದ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ಆ ಮಗು ಮುಖದ ಮೇಲೆ ನಾನು..." ಸಾಲ್ಕಿನಾಯ್ ಅಂಗೈಯಿಂದ ಬಾಯಿ ಒರೆಸಿಕೊಂಡಳು. ಆಮೇಲೆ ಬೇರೆಯದೇ ದನಿಯಲ್ಲಿ ಹೇಳಿದಳು: "ಕಾಗದ ಕೊಡು. ಇನ್ನೊಂದು ವ್ಯಾನು ಬರುತ್ತೆ, ನಾನು ಹೋಗ್ತೀನಿ. ಮಾಸ್ಕ್ ಹಾಕ್ಕೋತೀನಿ, ಮಾತ್ರೆ ತಗೋತೀನಿ. ಇನ್ನೂರ ಮೂರು ಅಂಕ ಅಪಾ. ಅದರಲ್ಲಿ ಒಂದೂ ಸುಳ್ಳಲ್ಲ."

"ಈ ಕಾಗದ ಸುಳ್ಳು."

"ಊರವರಿಗೆಲ್ಲ ಸುಳ್ಳು ಕೊಟ್ಟೆ. ನನಗೆ ಮಾತ್ರ ಯಾಕೆ ನಿಜ?"

ಜಿಪಾರ್ ಚೀಲವನ್ನು ಎದೆಗೊತ್ತಿಕೊಂಡಳು. ಹುಡುಗಿ ಕೈ ಚಾಚಿ ನಿಂತೇ ಇದ್ದಳು. ಎರಡು ವ್ಯಾನುಗಳು ನಿಧಾನಿಸಿ, ಯಾರೂ ಕೈ ತೋರಿಸದಿದ್ದರಿಂದ ಮುಂದೆ ಹೋದವು. ಮೂರನೆಯದಕ್ಕೆ, ಕಾಗದ ಸಿಗದಿದ್ದರೂ, ಸಾಲ್ಕಿನಾಯ್ ಕೈ ತೋರಿಸಿದಳು. ಅದು ನಿಂತಿತು, ಬಾಗಿಲು ಸರಿಯಿತು. ಒಳಗೆ ತುಂಬಿ ಕೂತವರು ಜಾಗ ಮಾಡಲು ಒತ್ತರಿಸಿಕೊಂಡರು. ಅವಳು ಒಂದು ಕಾಲು ಮೆಟ್ಟಿಲ ಮೇಲಿಟ್ಟು ಒಳಗೆ ನೋಡಿದಳು, ಎಲ್ಲರ ಮುಖಗಳನ್ನೂ ಒಂದೊಂದಾಗಿ. ಕಾಲು ಹಿಂದಕ್ಕೆ ತೆಗೆದುಕೊಂಡಳು.

"ತಪ್ಪಾಯ್ತು, ನೀವು ಹೋಗಿ," ಎಂದಳು.

ವ್ಯಾನು ಹೋದಮೇಲೆ ಮೈಲಿಗಲ್ಲಿಗೆ ಒರಗಿ ಕೂತು ಅಳಲು ಶುರುಮಾಡಿದಳು. ಜಿಪಾರ್ ಕಾಗದವನ್ನು ನಾಲ್ಕು ಚೂರು ಮಾಡಿದಳು, ಬಿಸಾಡಲಿಲ್ಲ, ಚೀಲಕ್ಕೆ ಹಾಕಿಕೊಂಡಳು.

ಹುಲ್ಲು ತುಂಬಿದ ಲಾರಿಯೊಂದರ ಮೇಲೆ, ಗಾಳಿಗೆ ಮೈಯೊಡ್ಡಿ, ಇಬ್ಬರೂ ಊರಿಗೆ ಮರಳಿದರು.

ಆ ಸಂಜೆಯೇ ಕಫ ಪರೀಕ್ಷೆಯಾಯಿತು. ಗುಲಿಪಾ ಹೇಳಿದ್ದು ನಿಜವಾಗಿತ್ತು. ಸಾಮಾನ್ಯ ಮಾತ್ರೆಗೆ ಬಗ್ಗುವ ಜಾತಿಯ ಕ್ಷಯವೇ ಎಂದು ವೈದ್ಯರು ಹೇಳಿದರು. ಗುರುವಾರ ಬೆಳಿಗ್ಗೆ ಅವರು ವಿದ್ಯಾಲಯಕ್ಕೆ ಫೋನು ಮಾಡಿ ವಿಚಾರಿಸಿದರು. ನಿಯಮ ನಿಯಮವೇ, ಪತ್ರವಿಲ್ಲದೆ ಸೀಟು ನಿಲ್ಲುವುದಿಲ್ಲ, ವಾಸಿಯಾದ ಮೇಲೆ ಹೊಸದಾಗಿ ಪರೀಕ್ಷೆ ಬರೆದು ಬರಲು ಅಡ್ಡಿಯಿಲ್ಲ ಎಂಬ ಉತ್ತರ ಬಂತು. ಸಾಲ್ಕಿನಾಯ್ ಮೊದಲ ದಿನದ ಮಾತ್ರೆಗಳನ್ನು ಗುಲಿಪಾಳ ಎದುರೇ ನುಂಗಿದಳು. ತಾಯಿಯ ಜೊತೆ ಮಾತಾಡಲಿಲ್ಲ.

ರೋಗಿಯ ಹತ್ತಿರವಿದ್ದವರ ಹೆಸರು ಬರೆಯಲು ಒಂದು ಹಾಳೆ ಕೊಟ್ಟರು. ಜಿಪಾರ್ ತನ್ನ ಹೆಸರು, ಗಂಡನ ಹೆಸರು, ವ್ಯಾನಿನ ಗಾಜಿನ ಮೇಲಿದ್ದ ಚಾಲಕನ ಫೋನ್ ಸಂಖ್ಯೆ, ಆ ತಾಯಿ ಮಗುವಿನ ಹಳ್ಳಿ ಬರೆದಳು. ಕೆಳಗೆ ಅಸಿಲ್ಕಾನ್ ಎಂದು ಬರೆದಳು. ಆಮೇಲೆ ಹರಿದ ನಾಲ್ಕು ಚೂರುಗಳನ್ನು ತೆಗೆದು ವೈದ್ಯರ ಮುಂದಿಟ್ಟಳು.

"ಈ ಎಂಟನೇದು ಗುಲಿಪಾ ಎಜೆ ಒತ್ತಿದ್ದಲ್ಲ, ನಾನು. ಮಕ್ಕಳನ್ನ ನೋಡದೇ ಒತ್ತಿಸಿದ ಕಾಗದ ಇನ್ನೂ ಇವೆ. ಈ ವರ್ಷದವು ಹನ್ನೊಂದು, ಹೋದ ವರ್ಷದವು ನೆನಪು ಮಾಡಿ ಹೇಳ್ತೀನಿ. ಆ ಮಕ್ಕಳನ್ನೆಲ್ಲ ಕರೆಸಿ."

"ಇದು ಗೊತ್ತಾದ್ರೆ ನಿಮ್ಮ ಕೆಲಸ ಉಳಿಯಲ್ಲ," ಎಂದರು ವೈದ್ಯರು.

ಗುಲಿಪಾ ಕಿಟಕಿಯತ್ತ ನೋಡುತ್ತಾ, "ನನ್ನದೂ," ಎಂದಳು. "ಬರ್ಕೊಳ್ಳಿ ಡಾಕ್ಟ್ರೇ. ನಾನೂ ನೆನಪು ಮಾಡಿ ಹೇಳ್ತೀನಿ."

ಗುರುವಾರ ಸಂಜೆ ಐದಕ್ಕೆ, ಬಿಷ್ಕೆಕ್‌ನಲ್ಲಿ ಸೀಟು ಪಟ್ಟಿಯ ಮುಂದಿನವರಿಗೆ ದಾಟುವ ಹೊತ್ತಿನಲ್ಲಿ, ಜಿಪಾರ್ ಸೊನುನ್‌ಳ ಮನೆಯ ಬಾಗಿಲು ತಟ್ಟುತ್ತಿದ್ದಳು. ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು.

"ಬಿಷ್ಕೆಕ್‌ಗೆ ಹೋಗ್ಲಿಲ್ವಾ?" ಎಂದಳು ಸೊನುನ್. ಜಿಪಾರ್‌ಳ ಮುಖ ನೋಡಿ ಅವಳ ದನಿ ಗಡುಸಾಯಿತು. "ಏನು ಬಂದೆ? ಆ ಚಿಕಿತ್ಸಾಲಯದೋರು ಕಳಿಸಿದ್ರಾ? ಹೋಗು ಹೇಳು ಅವರಿಗೆ. ನಮ್ಮನೇಲಿ ಯಾರಿಗೂ ಏನೂ ಆಗಿಲ್ಲ."

ಬೀದಿಯಲ್ಲಿ ಜನರಿದ್ದರು. ಎದುರುಮನೆಯ ಹೆಂಗಸು ಬಕೆಟ್ಟು ಕೆಳಗಿಟ್ಟು ಇತ್ತಲೇ ನೋಡುತ್ತಿದ್ದಳು. ಜಿಪಾರ್ ದನಿ ತಗ್ಗಿಸಲಿಲ್ಲ.

"ನಮ್ಮನೇಲಿ ಆಗಿದೆ ಸೊನುನ್," ಎಂದಳು. "ಸಾಲ್ಕಿನಾಯ್‌ಗೆ ಕ್ಷಯ. ಇವತ್ತಿಂದ ಮಾತ್ರೆ ಶುರುಮಾಡಿದೀವಿ. ಒಳಗೆ ಬರ್ಲಾ?"

ಸೊನುನ್ ಎದುರುಮನೆಯವಳನ್ನು ನೋಡಿದಳು, ಜಿಪಾರ್‌ಳನ್ನು ನೋಡಿದಳು. ಬಾಗಿಲ ಮೇಲಿದ್ದ ಅವಳ ಕೈ ಬಹಳ ಹೊತ್ತು ಹಾಗೇ ಇತ್ತು. ಆಮೇಲೆ ಅವಳು ಪಕ್ಕಕ್ಕೆ ಸರಿದಳು.