ಮೂರು ಜೊತೆ ಬೂಟು

“ಎಡಗಾಲು ಯಾವ್ದು ಬಲಗಾಲು ಯಾವ್ದು ಅಂತ ಗೊತ್ತಿಲ್ವಾಡಾ, ತೇವಡಿಯಾ ಮಗನೆ? ಕುರಿ ಮೇಯ್ಸಿ ಮೇಯ್ಸಿ ನೀನೂ ಕುರಿ ಆಗ್ಬುಟ್ಯಾ?”

ಹೆಡ್ ಕಾನ್‌ಸ್ಟೇಬಲ್ ಪಳನಿಸ್ವಾಮಿ ಠಾಣೆಯ ಹಿತ್ತಿಲ ಜಗಲಿಯಲ್ಲಿ ಮಂಡಿಯೂರಿ ಕೂತು ತಿಮ್ಮರಾಯಪ್ಪನ ಕಾಲಿಗೆ ಬಿಳಿ ಕ್ಯಾನ್‌ವಾಸ್ ಬೂಟು ತುರುಕುತ್ತಿದ್ದ. ಮೂರು ಜೊತೆ ಹೊಸ ಬೂಟು ಬೆಳಗಿನ ಬಸ್ಸಿನಲ್ಲಿ ಮೆಟ್ಟೂರಿನಿಂದ ಬಂದಿದ್ದವು. ಅಂಗಾಲಿನಿಂದ ನೆತ್ತಿಯವರೆಗೆ ನೋವು ಸಿಡಿಯುತ್ತಿದ್ದರೂ ತಿಮ್ಮರಾಯಪ್ಪನಿಗೆ ನಗು ಉಕ್ಕಿ ಬಂತು. ಖಾಕಿ ತೊಟ್ಟವನೊಬ್ಬ ತನ್ನ ಪಾದ ಹಿಡಿಯುವುದೆಂದರೇನು! ಒಂಬತ್ತು ದಿನದಿಂದ ಹಿಡಿದೇ ಇದ್ದ, ಅದು ಬೇರೆ. ಆಗ ಕಾಲು ಬೆಂಚಿಗೆ ಕಟ್ಟಿರುತ್ತಿತ್ತು, ಇವನ ಇನ್ನೊಂದು ಕೈಯಲ್ಲಿ ಲಾಠಿ ಇರುತ್ತಿತ್ತು.

ಸುಬ್ಬರಾಯನ್ ಗೌಂಡರ ಬಾವಿಯ ಮೋಟಾರು ಕಳುವಾದ ದಿನ ಅವರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಕೂಡಿಹಾಕಿದ್ದವರು ಈ ಮೂವರು: ತಿಮ್ಮರಾಯಪ್ಪ, ಅವನ ಭಾವಮೈದ ಕರಿಯಪ್ಪ, ಮುದುಕ ಮಾದಪ್ಪ. ಪೊಲೀಸರಿಗೆ ಅಷ್ಟೇ ಸಾಕಾಗಿತ್ತು.

ಎಮರ್ಜೆನ್ಸಿ ಮುಗಿದ ವರ್ಷ ಅದು. ಪೊಲೀಸರು ಜನರನ್ನು ಹೇಗೆ ನಡೆಸಿಕೊಳ್ಳುತ್ತಾರೆಂದು ನೋಡಲು ಹೊರದೇಶದ ಸಮಿತಿಯ ಡಾಕ್ಟರೊಬ್ಬ ಅಂದು ಬರುವವನಿದ್ದ. ಠಾಣೆಗೆ ಸುಣ್ಣ ಬಳಿದಾಗಿತ್ತು. ಇನ್‌ಸ್ಪೆಕ್ಟರ್ ಮೂವರನ್ನೂ ಸಾಲಾಗಿ ನಿಲ್ಲಿಸಿ ತಮಿಳಿನಲ್ಲಿ ಪಾಠ ಹೇಳಿಕೊಟ್ಟ: “ಯಾರುಂ ಅಡಿಕ್ಕಲೆ.” ಯಾರೂ ಹೊಡೆದಿಲ್ಲ. ಹಾಗೆಂದರೆ ಸಾಯಂಕಾಲಕ್ಕೆ ಮನೆ. ಇಲ್ಲವಾದರೆ ಮೋಟಾರಿನ ಕೇಸು, ಸೇಲಂ ಜೈಲು.

“ಸಾಮಿ, ಅಂಗನ್ನೋವಾಗ ನಗಬೋದಾ?” ಅಂದ ಮಾದಪ್ಪ. ಅವನ ಬೂಟು ಅದಲುಬದಲಾಗಿ ಬೆರಳ ತುದಿಗಳು ಆಚೆಗೊಂದು ಈಚೆಗೊಂದು ನೋಡುತ್ತಿದ್ದವು.

“ಬಾತುಕೋಳಿ ಮದ್ವೆಗೆ ಒಂಟಂಗೈತೆ ಮಾವ,” ಅಂದ ಕರಿಯಪ್ಪ. ಮೂವರಿಗೂ ನಗು ತಡೆಯಲಿಲ್ಲ. ಪಳನಿಸ್ವಾಮಿ ಒಬ್ಬೊಬ್ಬರ ತಲೆಗೂ ಒಂದೊಂದು ಬಿಗಿದ. ನಗು ಇನ್ನೂ ಹೆಚ್ಚಾಯಿತು.

ಜೀಪು ಬಂತು. ಉದ್ದನೆಯ ಕೆಂಪು ಮುಖದ ಡಾಕ್ಟರು, ಅವನ ಮಾತನ್ನು ತಮಿಳಿಗೆ ತಿರುಗಿಸಿ ಹೇಳಲು ಸೇಲಂ ಕಾಲೇಜಿನ ಟೀಚರು ಶಾರದ. ಡಾಕ್ಟರು ಅಂಗಿ ಎತ್ತಿಸಿ ಬೆನ್ನು ನೋಡಿದ, ಅಂಗೈ ನೋಡಿದ, ಹಲ್ಲು ನೋಡಿದ. ಯಾರಾದರೂ ಹೊಡೆದರಾ ಎಂದು ಶಾರದ ತಮಿಳಿನಲ್ಲಿ ಕೇಳಿದಳು.

“ಅಡಿಕ್ಕಲೆ,” ಅಂದ ಕರಿಯಪ್ಪ.

“ಅಡಿಕ್ಕಲೆ,” ಅಂದ ಮಾದಪ್ಪ.

ಡಾಕ್ಟರು ಬರೆದುಕೊಂಡ. ಇನ್‌ಸ್ಪೆಕ್ಟರ್ ಮೀಸೆ ಸವರಿಕೊಂಡ.

ತಿಮ್ಮರಾಯಪ್ಪನಿಗೆ ಮೇಚೇರಿ ಸಂತೆ ನೆನಪಾಯಿತು. ಕುಂಟು ಕುರಿ ಮಾರುವವನು ಅದನ್ನು ಗೊರಸು ಮುಳುಗುವಷ್ಟು ಕೆಸರಿನಲ್ಲಿ ನಿಲ್ಲಿಸಿ, ‘ಬೆನ್ನಿನ ಮಾಂಸ ಹಿಚುಕಿ ನೋಡಿ ಸಾಮಿ’ ಅನ್ನುತ್ತಾನೆ. ಕಾಲೆತ್ತಿ ಗೊರಸು ಒತ್ತದೆ ಕುರಿ ಕೊಂಡವನನ್ನು ಹೆಂಡತಿಯೂ ಮನೆಯೊಳಗೆ ಸೇರಿಸುವುದಿಲ್ಲ. ಈ ಮಹಾರಾಯ ಅಷ್ಟು ದೂರದಿಂದ ವಿಮಾನ ಹತ್ತಿ ಬಂದು ಬೆನ್ನು ನೋಡಿಕೊಂಡು ಹೋಗುತ್ತಿದ್ದಾನೆ.

ಇನ್‌ಸ್ಪೆಕ್ಟರ್ ತೆಂಕಣ ಸೀಮೆಯವನು, ಕನ್ನಡ ತಿಳಿಯದು; ತಿಳಿದ ಪಳನಿಸ್ವಾಮಿ ದೂರದ ಬಾಗಿಲಲ್ಲಿದ್ದ. ಆ ಧೈರ್ಯದಲ್ಲಿ ತಿಮ್ಮರಾಯಪ್ಪ ಭಾವಮೈದನ ಕಡೆ ಬಾಗಿದ. “ಈ ಕೆಂಪ ಸಂತೆಗೆ ಒಸಬ ಕಣ್ಲಾ. ಕಾಲೆತ್ತಿ ನೋಡ್ದೆ ಯಾಪಾರ ಮುಗಿಸ್ತಾವ್ನೆ.”

ಕರಿಯಪ್ಪನ ಮೂಗಿನಿಂದ ನಗು ಸಿಡಿಯಿತು. ಮಾದಪ್ಪ ಕೆಮ್ಮಿದಂತೆ ಮಾಡಿದ.

ಶಾರದ ತಟ್ಟನೆ ತಿರುಗಿದಳು. “ಯಾರ ಕಾಲು ಎತ್ತಬೇಕಣ್ಣ?” ಅಂದಳು. ಕನ್ನಡದಲ್ಲಿ. “ನಮ್ದು ಅದಿಯಮಾನ್‌ಕೋಟೆ. ನಮ್ಮಟ್ಟೀಲೂ ಕುರಿ ಐತೆ.”

ಮೂವರ ನಗುವೂ ನಿಂತುಹೋಯಿತು.

“ಎನ್ನಮ್ಮಾ ಪೇಸ್ರಾನ್?” ಏನಮ್ಮಾ ಅಂತಿದ್ದಾನೆ? ಇನ್‌ಸ್ಪೆಕ್ಟರನ ಕೈ ಮೀಸೆಯಿಂದ ಬೆಲ್ಟಿಗೆ ಇಳಿಯಿತು.

ಸಾಯಂಕಾಲಕ್ಕೆ ಮನೆ ಸೇರಬಹುದಿತ್ತು. ತಿಮ್ಮರಾಯಪ್ಪನ ಹೆಂಡತಿ ಚಿನ್ನಕ್ಕ ಒಂಬತ್ತು ದಿನದಿಂದ ಒಬ್ಬಳೇ ನಲವತ್ತು ಕುರಿ ಹೊಡೆದುಕೊಂಡು ಅಲೆಯುತ್ತಿದ್ದಳು. ಒಂದೇ ಮಾತು, ಅಡಿಕ್ಕಲೆ. ಅದು ತಿಮ್ಮರಾಯಪ್ಪನ ನಾಲಿಗೆಯ ತುದಿಗೂ ಬಂತು. ಅಷ್ಟರಲ್ಲಿ ಮಾದಪ್ಪನ ಬೂಟಿನ ತುದಿಗಳು ಕಣ್ಣಿಗೆ ಬಿದ್ದವು, ಆಚೆಗೊಂದು ಈಚೆಗೊಂದು. ನಗು ಮತ್ತೆ ಹೊಟ್ಟೆಯಿಂದ ಎದ್ದು ಬಂದು ಆ ಮಾತನ್ನು ನೂಕಿಬಿಟ್ಟಿತು.

ಅವನು ನೆಲದ ಮೇಲೆ ಕುಕ್ಕರಿಸಿ, ಬೂಟು ಎರಡನ್ನೂ ಕಿತ್ತು ಎಸೆದು, ಹಿಂದಕ್ಕೆ ವಾಲಿ ಎರಡು ಅಂಗಾಲನ್ನೂ ಇನ್‌ಸ್ಪೆಕ್ಟರನ ಮುಖದ ನೇರಕ್ಕೆ ಎತ್ತಿದ. ನೇರಳೆಹಣ್ಣು ಹಿಸುಕಿದ ಬಣ್ಣ.

“ಏಳವ್ವ ಅವ್ರಿಗೆ. ಎಬ್ಬೆಟ್ಟಾಕಿ ಒತ್ತಿ ನೋಡ್ಲಿ. ಸಂತೇಲಿ ನಾವು ಅಂಗೇ ನೋಡೋದು.”

ಡಾಕ್ಟರು ಮಂಡಿಯೂರಿ ಒತ್ತಿದ. ತಿಮ್ಮರಾಯಪ್ಪ ಅರಚಿದ. ಅರಚು ಮುಗಿಯುವ ಮೊದಲೇ ಕಚಗುಳಿಯಾಗಿ ಕಣ್ಣಲ್ಲಿ ನೀರು ಬರುವಂತೆ ನಕ್ಕ. ಪಕ್ಕದಲ್ಲಿ ಕರಿಯಪ್ಪ ಕೂತು ಕಾಲೆತ್ತಿದ. ಮಾದಪ್ಪನ ಬೂಟು ಬರಲಿಲ್ಲ, ಶಾರದಳೇ ಎಳೆದು ತೆಗೆದಳು.

ಡಾಕ್ಟರು ಮೊದಲು ಬರೆದಿದ್ದನ್ನು ಹೊಡೆದುಹಾಕಿ ಹೊಸ ಹಾಳೆ ತಿರುವಿದ.

“ಬೂಟು ಹಾಕುಡಾ ಅವನುಗಳಿಗೆ,” ಎಂದು ಇನ್‌ಸ್ಪೆಕ್ಟರ್ ಹಲ್ಲು ಕಚ್ಚಿ ತಮಿಳಿನಲ್ಲಿ ಅಂದ. ಪಳನಿಸ್ವಾಮಿ ಮತ್ತೆ ಮಂಡಿಯೂರಿದ. ಬೆವರುತ್ತ ತುರುಕಿದ, ತಿರುಗಿಸಿ ತುರುಕಿದ, ಬೈಯಲೂ ಆಗದೆ ಡಾಕ್ಟರ ಕಡೆ ನೋಡುತ್ತ ತುರುಕಿದ.

“ಬುಡು ಪಳನಿಸಾಮಿ,” ಅಂದ ತಿಮ್ಮರಾಯಪ್ಪ, ಕಾಲನ್ನು ಇನ್ನಷ್ಟು ಮೇಲೆತ್ತಿ. “ಗಾಳಿ ತಗಲಿ ಊದ್ಬುಟ್ಟೈತೆ. ಇನ್ನು ಒಳಕ್ಕೋಗಕ್ಕಿಲ್ಲ.”