ಅವ್ವನ ಮುಖದ ಅಚ್ಚು

"ಯಾಕಮ್ಮ ಮೀನಾ ಇಷ್ಟು ಹೆದರ್ತೀಯಾ? ಕೈ ತಪ್ಪಿದ್ರೂ ಕೇಳೋರ್ಯಾರು? ಈ ಮುದುಕಿ ಕೋರ್ಟಿಗೆ ಹೋಗ್ತಾಳಾ?"

ದೊಡ್ಡ ಡಾಕ್ಟರು ಫೋನಿನಿಂದ ತಲೆ ಎತ್ತದೆ ಅಂದರು. ಬಾಗಿಲಲ್ಲಿ ನಿಂತಿದ್ದ ಪರಶು ಕೇಳಿಸಿಕೊಂಡ. ಮುದುಕಿ ಅಂದರೆ ಅವನ ಅವ್ವ, ಪಾರಮ್ಮ. ಕುರುಗೋಡಿನಿಂದ ಬಸ್ಸಿನಲ್ಲಿ ಬಳ್ಳಾರಿಯ ಈ ಆಸ್ಪತ್ರೆಗೆ ಕರೆತಂದಿದ್ದ. ಮೇಲ್ದವಡೆಯಲ್ಲಿ ಕ್ಯಾನ್ಸರ್ ಗಡ್ಡೆ. ಎಡಗಣ್ಣು ಎಂದೋ ಹೋಗಿತ್ತು. ಗಡ್ಡೆ ಎದ್ದದ್ದು ಬಲಗಣ್ಣಿನ ಕೆಳಗೆ.

ಗಡ್ಡೆಗೆ ಕರೆಂಟು, ಅಂದರೆ ರೇಡಿಯೇಶನ್, ಕೊಡುವಾಗ ಅಲುಗದಂತೆ ಅವಳ ಮುಖಕ್ಕೇ ಒತ್ತಿ ಮಾಡಿದ ಪ್ಲಾಸ್ಟಿಕ್ ಜಾಲರಿಯ ಅಚ್ಚು ಮಂಚದ ಮೇಲಿತ್ತು. ಅದರ ಮೇಲೆ ಗೆರೆ ಹಾಕಬೇಕು. ಗೆರೆಯೊಳಗಿನದೆಲ್ಲ ಸುಡುತ್ತದೆ. ಗೆರೆ ಒಂಚೂರು ಮೇಲೆ ಸರಿದರೆ ಉಳಿದ ಕಣ್ಣೂ ಹೋಯಿತು.

"ಸರ್, ಒಂದ್ಸಲ ಪಕ್ಕದಲ್ಲಿ ನಿಂತು ತೋರಿಸಿ," ಅಂದಳು ಕಲಿಯಲು ಬಂದಿದ್ದ ಡಾಕ್ಟರು ಮೀನಾ. "ಕಣ್ಣಿನ ಹತ್ರ ನಾನು ಒಂದ್ಸಲಾನೂ ಗೆರೆ ಹಾಕಿಲ್ಲ."

"ಮಾಡ್ತಾ ಮಾಡ್ತಾ ಕಲೀ. ನಂಗೆ ಗಾಂಧಿನಗರದ ಕ್ಲಿನಿಕ್ಕಿಗೆ ಹೊತ್ತಾಯ್ತು. ಏ ವಿರೂಪಾಕ್ಷಿ, ಮಲಗ್ಸು ಇವಳನ್ನ."

ಆಳು ವಿರೂಪಾಕ್ಷಿ ಪಾರಮ್ಮನ ರಟ್ಟೆಗೆ ಕೈ ಹಾಕಿದ. "ಬಾರಬೇ, ನಾಟಕ ಮಾಡಬ್ಯಾಡ."

ಹಿಂದೆ, ಸಾಲಿ ಬಿಟ್ಟು ಸಿರುಗುಪ್ಪದ ರೈಸ್‌ಮಿಲ್ಲಿಗೆ ಹಮಾಲಿಗೆ ಹೋದ ಮೊದಲ ದಿನ, ಪರಶುವಿನ ಬೆನ್ನೇರಿದ ಚೀಲಕ್ಕೆ ಮುದುಕ ಹುಲುಗೇಶ ಅಂಗೈ ಕೊಟ್ಟು ಲಾರಿಯ ತನಕ ಪಕ್ಕದಲ್ಲೇ ನಡೆದಿದ್ದ. "ಸೊಂಟ ಮುರಕಂಡು ಸಾಯ್ತೀಯಲೇ ಬಾಡ್ಯಾ, ಮಣಕಾಲು ಬಗ್ಗಸು!" ದಾರಿಯುದ್ದಕ್ಕೂ ಬೈದಿದ್ದ. ಕೈ ಮಾತ್ರ ತೆಗೆದಿರಲಿಲ್ಲ.

"ಬಿಡಲೇ ನಮ್ಮವ್ವನ್ನ!" ಪರಶು ಬಾಗಿಲಿಂದ ಒಳಗೆ ನುಗ್ಗಿದ.

"ಬ್ಯಾಡೋ ಪರಶ್ಯಾ," ಪಾರಮ್ಮ ಮಗನ ಅಂಗಿ ಜಗ್ಗಿದಳು. "ಹೊರಗ ಹಾಕ್ತಾರೋ. ಆಮ್ಯಾಲೆ ಎಲ್ಲಿಗೆ ಹೋಗಾನ?"

ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಪರಶು ಚಪ್ಪಲಿ ಸಮೇತ ಮಂಚ ಹತ್ತಿ ಅಂಗಾತ ಮಲಗಿದ. ಅಚ್ಚನ್ನು ತನ್ನ ಮುಖಕ್ಕೆ ಒತ್ತಿಕೊಂಡ. ಅವ್ವನ ಮುಖ ಸಣ್ಣದು. ಅಂಚು ಅವನ ಕೆನ್ನೆ ಕೊಯ್ದಿತು.

"ಏ ಸೂಳೇಮಗನೇ, ಇಳಿಯೋ!" ದೊಡ್ಡ ಡಾಕ್ಟರ ಫೋನು ಈಗ ಜೇಬಿಗಿಳಿದಿತ್ತು.

ಜಾಲರಿಯ ತೂತುಗಳಿಂದ ಮಾತು ಬಂತು. "ಇಳಿಯಾಂಗಿಲ್ರಿ. ಮದ್ಲು ಆಯಮ್ಮಗ ಕಲಸ್ರಿ. ಗೆರಿ ನನ್ ಮಾರಿ ಮ್ಯಾಲೆ ಹಾಕಿ ತೋರಸ್ರಿ. ಕಲಿಯಾಕ ಬಡವರ ಕಣ್ಣೇ ಬೇಕಂದ್ರ, ನನ್ನವು ಎಲ್ಡು ಅದಾವು."

"ಸೆಕ್ಯುರಿಟಿ ಕರಿಯೋ!"

ವಿರೂಪಾಕ್ಷಿ ಓಡಿದ. ಮೀನಾ ಪೆನ್ನಿನ ಮುಚ್ಚಳ ತೆಗೆದಳು. ಪೆನ್ನನ್ನು ದೊಡ್ಡ ಡಾಕ್ಟರ ಎದೆಯ ಮುಂದೆ ಹಿಡಿದಳು. "ಹಾಕಿ ತೋರಿಸಿ, ಸರ್."

ವರಾಂಡದಲ್ಲಿ ಬೂಟುಗಳ ಸದ್ದು ಹತ್ತಿರವಾಯಿತು. ಪೆನ್ನು ಹಿಡಿದ ಮೀನಾಳ ಕೈ ಇಳಿಯಲಿಲ್ಲ.