ಮೂರನೆಯ ಸರ್ವರ್

ಹೈದರಾಬಾದ್ ವಿಮಾನ ನಿಲ್ದಾಣದ ಬಳಿ, ಶಂಶಾಬಾದಿನ ಔಷಧಿ ಗೋದಾಮೊಂದರಲ್ಲಿ ಯಾವ ಪೆಟ್ಟಿಗೆ ಯಾವ ಕಪಾಟಿಗೆ, ಯಾವ ವಿಮಾನಕ್ಕೆ ಎಂದು ಹೇಳುವುದೆಲ್ಲ ಕಂಪ್ಯೂಟರ್. ಅದು ನಿಂತರೆ ಗೋದಾಮೇ ನಿಂತಂತೆ. ಹಾಗಾಗಬಾರದೆಂದೇ, ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ದೀಪ್ತಿ ಎರಡು ಸರ್ವರ್‌ಗಳನ್ನು ಜೋಡಿ ಮಾಡಿ, ಕಟ್ಟಡದ ಆ ತುದಿಗೊಂದು ಈ ತುದಿಗೊಂದು ಇಟ್ಟಿದ್ದಳು. ಒಂದು ಕೆಟ್ಟರೆ ಇನ್ನೊಂದು ಕೂಡಲೇ ಕೆಲಸ ವಹಿಸಿಕೊಳ್ಳುತ್ತಿತ್ತು.

ಆದರೆ ಎರಡರ ನಡುವಿನ ತಂತಿಯೇ ಕಡಿದರೆ? ಇನ್ನೊಂದು ಸತ್ತಿತೆಂದು ತಿಳಿದು ಎರಡೂ ಯಜಮಾನಿಕೆಗೆ ನಿಂತು ತಮ್ಮ ತಮ್ಮ ಲೆಕ್ಕದಂತೆ ಆಜ್ಞೆ ಕೊಡತೊಡಗುತ್ತವೆ. ಯಾರ ಮಾತು ನಡೆಯಬೇಕೆಂದು ತೀರ್ಮಾನಿಸಲು ಮೂರನೆಯದೊಂದು ಬೇಕೆಂದು ಅವಳು ಮ್ಯಾನೇಜರ್ ಅಮರೇಶಪ್ಪನವರಿಗೆ ಹೇಳಿ ಹೇಳಿ ಸೋತಿದ್ದಳು. ಇಬ್ಬರದೂ ರಾಯಚೂರು ಕಡೆಯ ಮನೆತನ, ಮಾತು ಕನ್ನಡದಲ್ಲೇ. ಆದರೂ ಅದು ಅವರ ತಲೆಗೆ ಹೋಗಲಿಲ್ಲ. "ಎರಡು ಅದಾವಲ್ಲವಾ, ಸಾಕು ಬಿಡು" ಎಂದುಬಿಡುತ್ತಿದ್ದರು.

ಬುಧವಾರ ಮಧ್ಯಾಹ್ನ ಏ.ಸಿ. ರಿಪೇರಿಯವರು ಚಾವಣಿ ಕೊರೆಯುವಾಗ ಆ ತಂತಿಯನ್ನೇ ಕೊಯ್ದುಬಿಟ್ಟರು.

ಸ್ವಲ್ಪ ಹೊತ್ತಿಗೆ ಮಾಲು ಇಳಿಸುವವರ ಮೇಸ್ತ್ರಿ ನರಸಿಂಹ ಏದುಸಿರು ಬಿಡುತ್ತ ಬಂದ. "ಕ್ಯಾ ಮೇಡಂ, ಏಕ್ ಜಗಾ, ದೋ ಮಾಲ್!" ಒಂದೇ ಕಪಾಟಿಗೆ ಎರಡೆರಡು ಕಂಪನಿಯ ಪೆಟ್ಟಿಗೆ ಬರುತ್ತಿದ್ದವು.

ದೀಪ್ತಿ ಮ್ಯಾನೇಜರ್ ಬಳಿ ಓಡಿದಳು. ತಂತಿ ಕಡಿದರೂ ಕೆಲಸ ಒಂದು ಕ್ಷಣವೂ ನಿಂತಿಲ್ಲವೆಂದು ಅವರು ಫೋನಿನಲ್ಲಿ ಮೇಲಿನವರಿಗೆ ಹಿಗ್ಗಿ ಹೇಳುತ್ತಿದ್ದರು.

"ಸರ್, ಎರಡೂ ಬಂದ್ ಮಾಡಬೇಕ್ರಿ."

"ತಲಿ ಕೆಟ್ಟೈತೇನವಾ? ಚಂದ ನಡದೈತಲ್ಲ!"

"ನಡದೈತ್ರಿ, ಆದ್ರ ತಪ್ಪು ನಡದೈತಿ. ತಡ ಮಾಡಿದಷ್ಟೂ ತಪ್ಪು ಹೆಚ್ಚಾಗಾಕತ್ತಾವ."

"ಬ್ಯಾಡ ಅಂದ್ರ ಬ್ಯಾಡ!"

ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು. ಸೀದಾ ಹೋಗಿ ಎರಡನ್ನೂ ನಿಲ್ಲಿಸಿಬಿಟ್ಟಳು.

ಹೊರಗೆ ಲಾರಿಗಳ ಹಾರ್ನ್ ಶುರುವಾಯಿತು. ದೀಪ್ತಿ ಸ್ವೆಟರ್ ಹಾಕಿಕೊಂಡು ನರಸಿಂಹನ ಜೊತೆ ಔಷಧಿ ಇಡುವ ತಣ್ಣನೆಯ ಕೋಣೆಗಿಳಿದು ಪೆಟ್ಟಿಗೆಗಳನ್ನು ಒಂದೊಂದಾಗಿ ನೋಡತೊಡಗಿದಳು. ಬೆರಳು ಮರಗಟ್ಟಿದವು. ಕೂಗಾಡುತ್ತಲೇ ಬಂದ ಅಮರೇಶಪ್ಪನವರಿಗೆ ನರಸಿಂಹ ಹೊರಡಲಿದ್ದ ಲಾರಿಯನ್ನು ತೋರಿಸಿದ. ದುಬೈಗೆ ಹೋಗಬೇಕಾದ ಇನ್ಸುಲಿನ್ ಗುವಾಹಟಿ ವಿಮಾನದ ಮಾಲಿನಲ್ಲಿ ಸೇರಿಕೊಂಡಿತ್ತು. ಅವರ ದನಿ ಅಲ್ಲೇ ಇಳಿಯಿತು. ಅಂಗಿಯ ತೋಳು ಮಡಿಚಿ ತಾವೂ ಪೆಟ್ಟಿಗೆ ಎತ್ತಲು ನಿಂತರು.

ಎರಡು ವಿಮಾನಗಳು ಅವರ ಮಾಲಿಲ್ಲದೆಯೇ ಹಾರಿಹೋದವು. ಸಂಜೆಗೆ ಲೆಕ್ಕವೆಲ್ಲ ಸರಿಹೊಂದಿ, ತಂತಿಯೂ ಕೂಡಿ, ಕಂಪ್ಯೂಟರ್ ಮತ್ತೆ ನಡೆಯಿತು.

"ಮೂರನೇದು ತರಸ್ತೀನವಾ," ಎಂದರು ಅಮರೇಶಪ್ಪ.

ಮನೆಗೆ ಹೊರಟಿದ್ದ ದೀಪ್ತಿಯ ಜೀವ ಹಗುರಾಯಿತು. "ಭಾಳ ಛಲೋ ಆತ್ರಿ. ಅದನ್ನ ಬ್ಯಾರೆ ಖೋಲ್ಯಾಗ ಇಡೋಣ್ರಿ. ಒಂದ್ ಕಡೆ ಕರೆಂಟ್ ಹೋದ್ರ ಎರಡೂ ಕೂಡೇ ಹೋಗಬಾರದು."

"ಬ್ಯಾರೆ ಖೋಲಿ ಯಾಕ? ಮೊದಲನೇದರ ಮ್ಯಾಲೇ ಜಾಗ ಐತಲ್ಲ!"

ದೀಪ್ತಿ ಹೆಗಲ ಚೀಲವನ್ನು ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಕುಳಿತು, ಮೊದಲಿನಿಂದ ಹೇಳತೊಡಗಿದಳು.